ಸಹಾಯ ಬೇಕು: ಈ ಹಳದಿ ಮಲ್ಲಿಗೆ ಯಾವುದು?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹೊಸೂರಿನ ಹತ್ತಿರ, ಬಾಗಲೂರು ಕಡೆ. ಎರಡು ವರ್ಷದ ಹಿಂದೆ ಒಂದು ನರ್ಸರಿಯಲ್ಲಿ 'ವಿಂಟರ್ ಜಾಸ್ಮಿನ್' ಅಂತ ಕೊಟ್ಟ ಗಿಡ ತಂದು ಕಾಂಪೌಂಡ್ ಪಕ್ಕ ನೆಟ್ಟೆ. ಈ ಜನವರಿ ಕೊನೆಗೆ ಮೊದಲ ಸಲ ಹೂ ಬಿಟ್ಟಿದೆ. ಅಚ್ಚ ಹಳದಿ. ಮೂಗಿಗೆ ಹಿಡಿದರೂ ಘಮ ಇಲ್ಲ.

ಆದರೆ ನನಗೆ ಅನುಮಾನ. ನಿಜವಾದ ವಿಂಟರ್ ಜಾಸ್ಮಿನ್ ಚೀನಾ ಕಡೆಯದು, ಎಲೆ ಉದುರಿಸಿ ಬರೀ ಹಸಿರು ಕಡ್ಡಿಯ ಮೇಲೆ ಹೂ ಬಿಡುತ್ತದೆ, ಸಾಮಾನ್ಯವಾಗಿ ಆರು ಎಸಳು. ನಮ್ಮದರಲ್ಲಿ ಹೂವಿನ ಜೊತೆ ಎಲೆ ತುಂಬಿಕೊಂಡೇ ಇದೆ. ಹೂವೂ ದೊಡ್ಡದು, ಸುಮಾರು 4 ಸೆಂ.ಮೀ., ಎಸಳು ಎರಡು ಸುತ್ತು. ಕಡ್ಡಿಯನ್ನು ಬೆರಳಲ್ಲಿ ಹೊರಳಿಸಿದರೆ ನಾಲ್ಕು ಅಂಚು ಕೈಗೆ ಸಿಗುತ್ತದೆ. ಎಲೆ ಮೂರು ಮೂರು, ಎದುರುಬದುರು. ಇದು ಪ್ರಿಮ್‌ರೋಸ್ ಜಾಸ್ಮಿನ್ ಅಲ್ವಾ?

ಪಕ್ಕದ ಮನೆ ಅಕ್ಕ ಕ್ಯಾರೊಲಿನಾ ಜಾಸ್ಮಿನ್ ಇರಬಹುದು ಅಂದರು. ಅದು ವಿಷದ ಗಿಡ. ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ, ಸಿಕ್ಕಿದ ಹೂವೆಲ್ಲ ಬಾಯಿಗೆ ಹಾಕುತ್ತಾಳೆ, ಅದಕ್ಕೇ ಭಯ. ಅದರ ಎಲೆ ಒಂಟಿ, ಹೂವಿಗೆ ಐದು ಎಸಳು, ಘಮವೂ ಇರುತ್ತದೆ. ನಮ್ಮದಕ್ಕೆ ಹೊಂದುವುದಿಲ್ಲ. ಆದರೂ ತಿಳಿದವರು ಫೋಟೋ ನೋಡಿ ಹೇಳಿ, ದಯವಿಟ್ಟು.

ಇನ್ನೊಂದು. ಗಿಡ ನೆಟ್ಟ ಮೊದಲ ವರ್ಷ ನವೆಂಬರಲ್ಲಿ ಸುಮ್ನೆ ಕತ್ತರಿಸಿಬಿಟ್ಟೆ, ಆ ಸಲ ಒಂದು ಹೂವೂ ಬರಲಿಲ್ಲ. ಹಳೆಯ ಕಡ್ಡಿಯಲ್ಲೇ ಮೊಗ್ಗು ಬರುವುದು ಅಂತ ಆಮೇಲೆ ಗೊತ್ತಾಯಿತು. ಈ ಸಲ ಹೂ ಮುಗಿದ ಕೂಡಲೇ ಎಷ್ಟು ಕತ್ತರಿಸಲಿ? ಬುಡದವರೆಗೂ ಕತ್ತರಿಸಬಹುದಾ?