ಬೈಯದಿದ್ದರೂ ‘ನ್ಯಾಯಾಂಗ ನಿಂದನೆ’ಯೇ?

ಗೆಳೆಯರೇ, ಇಂಗ್ಲಿಷಿನ ‘ಕಂಟೆಂಪ್ಟ್ ಆಫ್ ಕೋರ್ಟ್’ಗೆ ನಾವು ಬಳಸುವ ‘ನ್ಯಾಯಾಂಗ ನಿಂದನೆ’ ಅನ್ನೋ ಪದ ಎರಡು ದಿನದಿಂದ ಕಾಡುತ್ತಿದೆ. ಕೇಳಿಯೇ ಬಿಡುತ್ತೇನೆ.

ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟದ ಬಗ್ಗೆ ಬರೆಯುವಾಗ ‘ನ್ಯಾಯಾಂಗ ನಿಂದನೆ: ಮಾರ್ಟಿನ್ ಲೂಥರ್ ಕಿಂಗ್ ಮತ್ತು ಸಂಗಡಿಗರ ಮೇಲ್ಮನವಿ ವಜಾ’ ಅಂತ ತಲೆಬರಹ ಕೊಟ್ಟಿದ್ದೆ. ಓದಿದ ತಂಗಿ ಕೇಳಿದ್ದು ಒಂದೇ ಪ್ರಶ್ನೆ: ‘ಅವರು ಕೋರ್ಟನ್ನು ಏನಂತ ಬೈದಿದ್ದರು?’ ತಪ್ಪು ಅವಳದಲ್ಲ, ಆ ಪದ ಓದಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತೆ.

ನಡೆದದ್ದು ಇಷ್ಟು. 1963ರ ಏಪ್ರಿಲ್‌ನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ, ಪರವಾನಗಿ ಇಲ್ಲದೆ ಮೆರವಣಿಗೆ ಮಾಡಕೂಡದು ಅಂತ ಅಲ್ಲಿನ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಎರಡೇ ದಿನಕ್ಕೆ, ಗುಡ್ ಫ್ರೈಡೇಯಂದು ಕಿಂಗ್ ಮತ್ತು ಸಂಗಡಿಗರು ಬೀದಿಗಿಳಿದರು. ಈಸ್ಟರ್ ಭಾನುವಾರ ಮತ್ತೆ ಮೆರವಣಿಗೆ. ಆಜ್ಞೆ ಮೀರಿದ್ದಕ್ಕೆ 5 ದಿನ ಜೈಲು, 50 ಡಾಲರ್ ದಂಡ. 1967ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5–4ರ ಬಹುಮತದಲ್ಲಿ ಆ ಶಿಕ್ಷೆ ಸರಿ ಅಂದಿತು. ಆಜ್ಞೆ ತಪ್ಪು ಅನ್ನಿಸಿದರೆ ಮೊದಲು ಕೋರ್ಟಿಗೇ ಬಂದು ಪ್ರಶ್ನಿಸಬೇಕಿತ್ತು, ಮುರಿದ ಮೇಲೆ ಬಂದು ವಾದ ಮಾಡುವ ಹಾಗಿಲ್ಲ ಅನ್ನೋದು ಬಹುಮತದ ಮಾತು.

ಸ್ವಾರಸ್ಯ ಇರೋದು 1969ರಲ್ಲಿ. ಅದೇ ಗುಡ್ ಫ್ರೈಡೇ ಮೆರವಣಿಗೆಗೆ ಸಂಬಂಧಿಸಿದ ಇನ್ನೊಂದು ಕೇಸಿನಲ್ಲಿ, ಪರವಾನಗಿ ನಿಯಮದಡಿ ಕೊಟ್ಟಿದ್ದ ಶಿಕ್ಷೆಯನ್ನು ಅದೇ ಸುಪ್ರೀಂ ಕೋರ್ಟು ರದ್ದು ಮಾಡಿತು. ಅಂದ್ರೆ, ಪರವಾನಗಿ ಇಲ್ಲದೆ ಮೆರವಣಿಗೆ ಮಾಡಿದ್ದಕ್ಕೆ ಕೊಟ್ಟ ಶಿಕ್ಷೆ ನಿಲ್ಲಲಿಲ್ಲ, ಕೋರ್ಟಿನ ಆಜ್ಞೆ ಮೀರಿದ್ದಕ್ಕೆ ಕೊಟ್ಟ ಶಿಕ್ಷೆ ನಿಂತಿತು. ಹಾಗಿರುವಾಗ ಈ ‘ಮೀರಿದ್ದು’ ಅನ್ನೋದೇ ಪದದಲ್ಲಿ ಕಾಣದಿದ್ದರೆ ಕಥೆಯೇ ಅರ್ಥವಾಗಲ್ಲ ಅಲ್ವಾ?

ನಮ್ಮ ದೇಶದ 1971ರ ನ್ಯಾಯಾಂಗ ನಿಂದನೆ ಕಾಯ್ದೆಯೂ ಇದರಲ್ಲಿ ಎರಡು ಬಗೆ ಮಾಡುತ್ತದೆ. ಬೇಕಂತಲೇ ಕೋರ್ಟಿನ ಆದೇಶ ಪಾಲಿಸದಿರೋದು ಒಂದು, ಕೋರ್ಟಿನ ಹೆಸರು ಕೆಡಿಸುವ ಥರದ್ದು ಇನ್ನೊಂದು. ‘ನಿಂದನೆ’ ಎರಡನೆಯದಕ್ಕೆ ಚೆನ್ನಾಗಿ ಒಪ್ಪುತ್ತದೆ. ಮೊದಲನೆಯದಕ್ಕೂ ನಾವು ಅದನ್ನೇ ಅಂಟಿಸುತ್ತಿದ್ದೇವೆ.

‘ಆದೇಶ ಉಲ್ಲಂಘನೆ’ ಅಂದರೆ ಜಿಲ್ಲಾಧಿಕಾರಿಯ ನಿಷೇಧಾಜ್ಞೆ ನೆನಪಾಗುತ್ತದೆ, ಕೋರ್ಟು ಕಾಣಲ್ಲ. ನನಗೆ ಹೊಳೆದದ್ದು ‘ಆಜ್ಞಾಭಂಗ’. ಕಾನೂನುಭಂಗ ಚಳವಳಿ ಅನ್ನೋದು ನಮ್ಮ ಕಿವಿಗೆ ಹಳೆಯದು, ಅದರ ಪಕ್ಕದಲ್ಲಿ ಇದು ಸಲೀಸಾಗಿ ಕೂರುತ್ತದೆ. ತಲೆಬರಹ ಉದ್ದವಾದರೂ ಪರವಾಗಿಲ್ಲ ಅಂದರೆ ‘ಕೋರ್ಟಿನ ಆಜ್ಞೆ ಮೀರಿದ ಕೇಸು’ ಅಂತಲೇ ಬರೆದುಬಿಡಬಹುದು.

‘ವಜಾ’ ಬಗ್ಗೆ ತಕರಾರಿಲ್ಲ. ಲೆಕ್ಕದಲ್ಲಿ ಕಳೆಯೋದಕ್ಕೂ ಕೆಲಸದಿಂದ ತೆಗೆಯೋದಕ್ಕೂ ಅದೇ ಪದ, ಮೇಲ್ಮನವಿಗೂ ಸರಿಹೋಗುತ್ತದೆ. ಆದರೆ ‘ತಿರಸ್ಕರಿಸಿತು’ ಅಂತ ಬರೆಯಲು ಮನಸ್ಸಾಗಲಿಲ್ಲ. ಅದರಲ್ಲಿ ತಾತ್ಸಾರದ ವಾಸನೆ ಇದೆ, 4 ನ್ಯಾಯಮೂರ್ತಿಗಳು ಒಪ್ಪಿದ ಮನವಿಗೆ ಅದು ಸಲ್ಲದು.

ಕೋರ್ಟಿನ ಕಾಗದಪತ್ರಗಳನ್ನು ಕನ್ನಡದಲ್ಲೇ ಬರೆಯುವವರು ಇಲ್ಲಿದ್ದರೆ, ಬೇಕಂತಲೇ ಕೋರ್ಟಿನ ಆದೇಶ ಪಾಲಿಸದಿರೋದಕ್ಕೆ ನೀವು ಯಾವ ಪದ ಬಳಸುತ್ತೀರಿ, ದಯವಿಟ್ಟು ತಿಳಿಸಿ.