13.3 ಇಂಚಿನ ಲ್ಯಾಪ್‌ಟಾಪಿನಲ್ಲಿ ಕನ್ನಡ ಅಕ್ಷರ ಮಸುಕು: ರೆಸಲ್ಯೂಶನ್ ಇಳಿಸಬೇಕೋ, ಸ್ಕೇಲ್ ಏರಿಸಬೇಕೋ?

ಕರಡುಪ್ರತಿ:

ನಮಸ್ಕಾರ. ನನ್ನದು ಕರಡು ತಿದ್ದುವ ಕೆಲಸ. ದಿನಕ್ಕೆ ಏಳೆಂಟು ಗಂಟೆ ಪರದೆಯ ಮೇಲೆ ಕನ್ನಡ ಓದುತ್ತೇನೆ. ಲ್ಯಾಪ್‌ಟಾಪ್ 13.3 ಇಂಚಿನದು, ರೆಸಲ್ಯೂಶನ್ 1920×1080, ವಿಂಡೋಸ್ 11. ತಂದ ದಿನ ಸ್ಕೇಲ್ (ಅಕ್ಷರ, ಐಕಾನ್‌ಗಳನ್ನು ಹಿಗ್ಗಿಸುವ ಪ್ರಮಾಣ) 150% ಇತ್ತು. ಅಕ್ಷರ ಚೆನ್ನಾಗಿ ಕಾಣುತ್ತಿತ್ತು, ಆದರೆ ಪುಟದ ಅರ್ಧವೂ ಪರದೆಗೆ ಹಿಡಿಸುತ್ತಿರಲಿಲ್ಲ. 100% ಮಾಡಿದೆ. ಜಾಗ ಸಿಕ್ಕಿತು, ಅಕ್ಷರ ಇರುವೆ ಸಾಲಿನ ಹಾಗಾಯಿತು. ಕೊನೆಗೆ ರೆಸಲ್ಯೂಶನ್ನನ್ನೇ 1366×768ಕ್ಕೆ ಇಳಿಸಿದೆ. ಗಾತ್ರವೇನೋ ಹದಕ್ಕೆ ಬಂತು, ಆದರೆ ಎಲ್ಲದರ ಮೇಲೂ ಮಂಜು ಕವಿದ ಹಾಗಿದೆ.

ಮೊನ್ನೆ ಒಂದು ಕರಡಿನಲ್ಲಿ 'ಅರ್ಧ' ಅಂತ ಇರಬೇಕಾದ ಕಡೆ 'ಅರ್ದ' ಅಂತ ಇದ್ದದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಅಚ್ಚಿಗೆ ಹೋಗುವ ಮೊದಲು ಬೇರೊಬ್ಬರು ಹಿಡಿದರು. ಆವತ್ತಿನಿಂದ ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಹೋಗಿದೆ. ಇದನ್ನು ಸರಿಮಾಡಲು ಆಗುತ್ತದೆಯೇ, ಇಲ್ಲ ಬೇರೆ ಲ್ಯಾಪ್‌ಟಾಪೇ ಬೇಕೇ?

ಚುಕ್ಕಿಲೆಕ್ಕ:

ಕಣ್ಣಿನ ಬಗ್ಗೆ ಗಾಬರಿಯಾಗುವ ಮೊದಲು ರೆಸಲ್ಯೂಶನ್ನನ್ನು ವಾಪಸ್ 1920×1080ಕ್ಕೆ ತನ್ನಿ. ಎಲ್‌ಸಿಡಿ ಪರದೆಯಲ್ಲಿ ಪಿಕ್ಸೆಲ್‌ಗಳು, ಅಂದರೆ ಚಿತ್ರ ಮೂಡಿಸುವ ಚುಕ್ಕಿಗಳು, ಎಣಿಸಿಟ್ಟ ಹಾಗೆ ಕೂತಿರುತ್ತವೆ. ನೀವು 1366 ಅಂದರೂ ಗಾಜಿನ ಮೇಲೆ ಅಡ್ಡಕ್ಕೆ ಇರುವುದು 1920 ಪಿಕ್ಸೆಲ್ಲೇ. ಚಿತ್ರದ ಒಂದೊಂದು ಚುಕ್ಕಿಯನ್ನೂ ಸುಮಾರು 1.4 ಪಿಕ್ಸೆಲ್‌ಗೆ ಎಳೆದು ಹಾಸಬೇಕು. ಪಿಕ್ಸೆಲ್ಲನ್ನು ತುಂಡು ಮಾಡಲಾಗದು, ಹಾಗಾಗಿ ಅಕ್ಷರದ ಅಂಚಿನ ಕಪ್ಪನ್ನು ಪಕ್ಕದ ಪಿಕ್ಸೆಲ್‌ಗೆ ಬೂದು ಬಣ್ಣವಾಗಿ ಹಂಚುತ್ತದೆ. ನಿಮಗೆ ಮಂಜಿನಂತೆ ಕಾಣುವುದು ಅದೇ.

ನಿಮ್ಮ 'ಅರ್ದ' ತಪ್ಪಿಹೋದದ್ದಕ್ಕೂ ಇದೇ ಕಾರಣವಿರಬೇಕು. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಡ-ಢ, ಪ-ಫ ಕೂಡ ಹಾಗೆಯೇ. 12 ಪಾಯಿಂಟಿನ ಅಕ್ಷರಕ್ಕೆ ವಿಂಡೋಸ್ 100% ಸ್ಕೇಲಿನಲ್ಲಿ ಕೊಡುವುದು 16 ಪಿಕ್ಸೆಲ್ ಎತ್ತರ. ಆ ಹದಿನಾರರಲ್ಲೇ ಮೇಲೆ ತಲೆಕಟ್ಟು, ಗುಡಿಸು, ನಡುವೆ ಅಕ್ಷರದ ಮೈ, ಕೆಳಗೆ ಒತ್ತು ಎಲ್ಲವೂ ಕೂರಬೇಕು. ಸೀಳಿಗೆ ಉಳಿಯುವುದು ಒಂದು ಪಿಕ್ಸೆಲ್. ಅದರ ಮೇಲೆ ಬೂದು ಹರಡಿದರೆ ಮಹಾಪ್ರಾಣ ಹೋಯಿತು ಅಂತಲೇ. 'ರಾಷ್ಟ್ರ', 'ಲಕ್ಷ್ಮೀ' ಬರೆದು ನೋಡಿ, ಒತ್ತಿನ ಕೆಳಗೆ ಇನ್ನೊಂದು ಒತ್ತು ಬಂದಾಗ ಹೇಗೆ ಕಲಸಿಹೋಗುತ್ತದೆಂದು ಗೊತ್ತಾಗುತ್ತದೆ. ಕನ್ನಡ ಓದುವವರಿಗೆ ಪಿಕ್ಸೆಲ್ ಸಾಂದ್ರತೆ ಇಂಗ್ಲಿಷ್ ಓದುವವರಿಗಿಂತ ಹೆಚ್ಚು ಬೇಕು ಅಂತ ನಾನು ಹೇಳುತ್ತಲೇ ಬಂದಿರುವುದು ಇದಕ್ಕೇ.

ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇಗೆ ಹೋಗಿ ರೆಸಲ್ಯೂಶನ್ 1920×1080, ಸ್ಕೇಲ್ 125% ಇಡಿ. ಎರಡು ದಿನ ಕೆಲಸ ಮಾಡಿ ಹೇಳಿ.

ಕರಡುಪ್ರತಿ:

ಮಾಡಿದೆ. ಬ್ರೌಸರಿನಲ್ಲಿ ಅಕ್ಷರ ಕೊರೆದಿಟ್ಟ ಹಾಗೆ ಬಂದಿದೆ, ಧ-ದ ಸಲೀಸಾಗಿ ಗೊತ್ತಾಗುತ್ತದೆ. ಆದರೆ ನಾನು ಕೆಲಸ ಮಾಡುವ ಹಳೇ ಪುಟವಿನ್ಯಾಸದ ತಂತ್ರಾಂಶ ಇನ್ನೂ ಮಸುಕು. ವಿಚಿತ್ರ ಏನೆಂದರೆ ಅದು ದಿನಾ ಹಾಗಿರುವುದಿಲ್ಲ. ನಿನ್ನೆ ಬೆಳಿಗ್ಗೆ ಸ್ಪಷ್ಟವಾಗಿತ್ತು, ಇವತ್ತು ಮತ್ತೆ ಮಂಜು.

ನೀಲಿಪರದೆ:

ಈ ತಾಪತ್ರಯವೇ ಬೇಡ, 4ಕೆ (3840×2160) ಪರದೆಯ ಲ್ಯಾಪ್‌ಟಾಪ್ ತಗೊಂಡುಬಿಡಿ. 13.3 ಇಂಚಿನಲ್ಲಿ 331 ಪಿಪಿಐ (ಒಂದಿಂಚಿಗೆ ಅಷ್ಟು ಪಿಕ್ಸೆಲ್) ಬರುತ್ತದೆ, ಮಸುಕು ಅನ್ನುವ ಮಾತೇ ಇರುವುದಿಲ್ಲ.

ಚುಕ್ಕಿಲೆಕ್ಕ:

ನೀಲಿಪರದೆ ಅವರೇ, ಈ ಸಮಸ್ಯೆಗೆ ಅದು ಮದ್ದಲ್ಲ. ಒಂದು ತಂತ್ರಾಂಶ ಮಾತ್ರ ಮಸುಕಾಗಿ, ಉಳಿದವು ಸ್ಪಷ್ಟವಾಗಿದ್ದರೆ ತಪ್ಪು ಪರದೆಯದ್ದಲ್ಲ. 4ಕೆಯಲ್ಲೂ ಆ ತಂತ್ರಾಂಶ ಹಾಗೇ ಇರುತ್ತದೆ.

ಕರಡುಪ್ರತಿ ಅವರೇ, ಒಂದು ಪ್ರಶ್ನೆ. ಈ ಲ್ಯಾಪ್‌ಟಾಪಿಗೆ ಹೊರಗಿನ ಮಾನಿಟರ್ ಏನಾದರೂ ಜೋಡಿಸುತ್ತೀರಾ? ಮಸುಕಾದ ದಿನ ಜೋಡಿಸಿದ್ದಿರಾ?

ಕರಡುಪ್ರತಿ:

ಹೌದು! ಮೇಜಿನ ಮೇಲೆ 24 ಇಂಚಿನ ಮಾನಿಟರ್ ಇದೆ, ಅದೂ 1920×1080. ಇವತ್ತು ಬೆಳಿಗ್ಗೆ ಅದರಲ್ಲೇ ಶುರುಮಾಡಿ, ಆಮೇಲೆ ಕೇಬಲ್ ಕಿತ್ತು ಲ್ಯಾಪ್‌ಟಾಪ್ ಎತ್ತಿಕೊಂಡು ಇನ್ನೊಂದು ಕೋಣೆಗೆ ಬಂದೆ. ನಿನ್ನೆ ಮೇಜಿನ ಹತ್ತಿರ ಹೋಗಿಯೇ ಇರಲಿಲ್ಲ.

ಚುಕ್ಕಿಲೆಕ್ಕ:

ಗಂಟು ಬಿಚ್ಚಿತು. ನಿಮ್ಮ 24 ಇಂಚಿನ ಮಾನಿಟರಿನಲ್ಲಿ ಒಂದಿಂಚಿಗೆ ಸುಮಾರು 92 ಪಿಕ್ಸೆಲ್, ಲ್ಯಾಪ್‌ಟಾಪಿನಲ್ಲಿ 166. ಅದಕ್ಕೇ ಅಲ್ಲಿ ಸ್ಕೇಲ್ 100%, ಇಲ್ಲಿ 125%. ಹೊಸ ತಂತ್ರಾಂಶಗಳು ಪರದೆ ಬದಲಾದ ಕೂಡಲೇ ತಿಳಿದುಕೊಂಡು ಅಕ್ಷರವನ್ನು ಹೊಸದಾಗಿ ಬಿಡಿಸುತ್ತವೆ. ಹಳೆಯವು ಹಾಗಲ್ಲ. ನೀವು ಲಾಗಿನ್ ಆದಾಗ ಮುಖ್ಯ ಪರದೆಯ ಸ್ಕೇಲ್ ಎಷ್ಟಿತ್ತೋ ಅದನ್ನೇ ಹಿಡಿದುಕೊಂಡು ಇಡೀ ದಿನ ಕಳೆಯುತ್ತವೆ. ಬೆಳಿಗ್ಗೆ 100%ರಲ್ಲಿ ಲಾಗಿನ್ ಆದಿರಿ. ಕೇಬಲ್ ಕಿತ್ತಾಗ ವಿಂಡೋಸ್ ಏನು ಮಾಡಿತೆಂದರೆ, ಆ ತಂತ್ರಾಂಶ ಬಿಡಿಸಿದ ಚಿತ್ರವನ್ನು ಫೋಟೋ ಹಿಗ್ಗಿಸಿದ ಹಾಗೆ 1.25 ಪಟ್ಟು ಹಿಗ್ಗಿಸಿತು. 1366ರಲ್ಲಿ ಆಗಿದ್ದ ಮಸುಕೇ ಬೇರೆ ಬಾಗಿಲಿನಿಂದ ಒಳಗೆ ಬಂದಿದೆ.

ಕೇಬಲ್ ಕಿತ್ತ ಮೇಲೆ ಸೈನ್ ಔಟ್ ಆಗಿ ಮತ್ತೆ ಸೈನ್ ಇನ್ ಆದರೆ ಸರಿಹೋಗುತ್ತದೆ. ದಿನಾ ಅದನ್ನು ಮಾಡಲು ಬೇಸರ ಅನ್ನಿಸಿದರೆ ತಂತ್ರಾಂಶದ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿ 'ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್' ತೆರೆಯಿರಿ. ಪ್ರೋಗ್ರಾಮ್ ಡಿಪಿಐ ಎಂಬ ಕಡೆ ಟಿಕ್ ಹಾಕಿ, 'ಐ ಓಪನ್ ದಿಸ್ ಪ್ರೋಗ್ರಾಮ್' ಆರಿಸಿ. ಆಗ ಅದು ಲಾಗಿನ್ ಆದಾಗಿನ ಸ್ಕೇಲ್ ಬಿಟ್ಟು, ತಂತ್ರಾಂಶ ತೆರೆದಾಗಿನ ಸ್ಕೇಲ್ ಹಿಡಿಯುತ್ತದೆ. ಆಮೇಲೆ ತಂತ್ರಾಂಶವನ್ನು ಮುಚ್ಚಿ ತೆರೆದರೆ ಸಾಕು. ಅದರ ಕೆಳಗೇ ಇರುವ 'ಓವರ್‌ರೈಡ್' ಅನ್ನು ಸದ್ಯ ಮುಟ್ಟಬೇಡಿ. ಹಿಗ್ಗಿಸುವ ಕೆಲಸವನ್ನು ಅಪ್ಲಿಕೇಶನ್‌ಗೆ ಬಿಟ್ಟುಕೊಟ್ಟರೆ ಕೆಲವು ಹಳೇ ತಂತ್ರಾಂಶಗಳಲ್ಲಿ ಬಟನ್‌ಗಳು ಕಡಲೆಕಾಳಿನಷ್ಟಾಗುತ್ತವೆ.

ಕರಡುಪ್ರತಿ:

ಸರಿಹೋಯಿತು! ಕೇಬಲ್ ಕಿತ್ತೆ, ತಂತ್ರಾಂಶ ಮುಚ್ಚಿ ತೆರೆದೆ, ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಬಂದವು. ಇಷ್ಟು ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕೇನೋ ಅಂತ ಚಿಂತೆಯಲ್ಲಿದ್ದೆ.

ಒಂದೇ ಕೊರತೆ ಉಳಿದಿದೆ. 125%ರಲ್ಲಿ ಪುಟದ ಉದ್ದ ಈಗಲೂ ಸಾಲದು. ಈ ಲ್ಯಾಪ್‌ಟಾಪಿಗೆ ವಯಸ್ಸಾಗಿದೆ, ಮುಂದಿನದು ಕೊಳ್ಳುವಾಗ ಎಂಥ ಪರದೆ ನೋಡಬೇಕು? ಇಷ್ಟೇ ಚಿಕ್ಕದಿರಬೇಕು, ಹೊತ್ತುಕೊಂಡು ಓಡಾಡುತ್ತೇನೆ.

ಚುಕ್ಕಿಲೆಕ್ಕ:

ಡಬ್ಬಿಯ ಮೇಲಿನ ರೆಸಲ್ಯೂಶನ್ ಸಂಖ್ಯೆಯನ್ನು ಹಾಗೇ ನಂಬಬೇಡಿ. ಅದನ್ನು ಸ್ಕೇಲಿನಿಂದ ಭಾಗಿಸಿದ ಮೇಲೆ ಸಿಗುವುದೇ ನಿಮ್ಮ ಪಾಲಿನ ನಿಜವಾದ ಜಾಗ. ನಿಮ್ಮ ಈಗಿನ 1920×1080, 125%ರಲ್ಲಿ 1536×864 ಆಗುತ್ತದೆ. 150%ರಲ್ಲಿ ಬರೀ 1280×720. ನಿಮಗೆ ಪುಟ ಸಾಲದೆ ಬಂದದ್ದು ಇದಕ್ಕೇ.

ನಿಮಗೆ 125%ರ ಅಕ್ಷರ ಹಿತವಾಗಿದೆ ಅಂದಿರಿ. ಗಾಜಿನ ಮೇಲೆ ಅಳೆದರೆ 12 ಪಾಯಿಂಟಿನ ಅಕ್ಷರ ಅಲ್ಲಿ 20 ಪಿಕ್ಸೆಲ್, ಅಂದರೆ 3 ಮಿಲಿಮೀಟರ್‌ಗೆ ತುಸು ಮೇಲೆ. ಅಷ್ಟೇ ಎತ್ತರದ ಅಕ್ಷರ ಬೇರೆ ಪರದೆಗಳಲ್ಲಿ ಹೇಗೆ ಬರುತ್ತದೆ ನೋಡೋಣ. 13.5 ಇಂಚಿನಲ್ಲಿ 2256×1504 ಇರುವ ಪರದೆಗಳು ಸಿಗುತ್ತವೆ, 201 ಪಿಪಿಐ. ಅದರಲ್ಲಿ 150% ಇಟ್ಟರೆ ಅಕ್ಷರ ಹೆಚ್ಚುಕಡಿಮೆ ಅದೇ 3 ಮಿಲಿಮೀಟರ್, ಆದರೆ 20ರ ಬದಲು 24 ಪಿಕ್ಸೆಲ್‌ಗಳಿಂದ ಬಿಡಿಸಿದ್ದು. ಜಾಗ 1504×1003. ಅಗಲ ಹೆಚ್ಚುಕಡಿಮೆ ಇದ್ದಷ್ಟೇ, ಉದ್ದ 864ರಿಂದ 1003ಕ್ಕೆ ಏರಿತು. 3:2 ಅನುಪಾತದ್ದಾದ್ದರಿಂದ ಗಾಜೇ ಉದ್ದವಾಗಿರುತ್ತದೆ: ನಿಮ್ಮದು ಹದಿನಾರೂವರೆ ಸೆಂಟಿಮೀಟರ್ ಎತ್ತರವಿದ್ದರೆ ಅದು 19. ಕರಡು ತಿದ್ದುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ.

13.3 ಇಂಚಿನ 2560×1600 ಕೂಡ ಒಳ್ಳೆಯದು, 227 ಪಿಪಿಐ. 175%ರಲ್ಲಿ ಅದೇ ಗಾತ್ರದ ಅಕ್ಷರಕ್ಕೆ 28 ಪಿಕ್ಸೆಲ್ ಸಿಗುತ್ತದೆ, ಜಾಗ 1463×914. ಅಕ್ಷರ ಇನ್ನೂ ನುಣುಪು, ಉದ್ದ ಸ್ವಲ್ಪ ಕಡಿಮೆ.

4ಕೆ ಯಾಕೆ ಬೇಡ ಅಂದರೆ, ಸರಾಸರಿ ಒಳ್ಳೆಯ ಕಣ್ಣು ಬೇರ್ಪಡಿಸಿ ನೋಡುವುದು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗವನ್ನು. ಅರ್ಧ ಮೀಟರ್ ದೂರದಲ್ಲಿ ಕೂತರೆ ಅದು ಸುಮಾರು 175 ಪಿಪಿಐ, 40 ಸೆಂಟಿಮೀಟರಿಗೆ ಬಗ್ಗಿದರೆ 218. ಅಂಚಿನ ನುಣುಪು ಅದಕ್ಕಿಂತ ಕೊಂಚ ಮೇಲೂ ಗೊತ್ತಾಗುತ್ತದೆ, ಆದರೆ 331ರ ತನಕ ಹೋಗುವ ಅಗತ್ಯವಿಲ್ಲ. ನಾಲ್ಕು ಪಟ್ಟು ಪಿಕ್ಸೆಲ್ ತುಂಬಿಸುವ ಕೆಲಸ ಗ್ರಾಫಿಕ್ಸ್ ಮೇಲೆ ಬೀಳುತ್ತದೆ. ಎಲ್‌ಸಿಡಿಯಲ್ಲಿ ಪಿಕ್ಸೆಲ್ ಚಿಕ್ಕದಾದಷ್ಟೂ ಬೆಳಕು ಹಾಯುವ ಕಿಂಡಿ ಕಿರಿದಾಗುವುದರಿಂದ ಹಿಂಬದಿ ದೀಪ ಜೋರಾಗಿ ಉರಿಯಬೇಕು. ಹೊತ್ತುಕೊಂಡು ಓಡಾಡುವವರಿಗೆ ಬ್ಯಾಟರಿ ಮುಖ್ಯ.

1366×768 ಮಾತ್ರ ಯಾವ ಗಾತ್ರದಲ್ಲಿ ಸಿಕ್ಕರೂ ಕನ್ನಡ ಕೆಲಸಕ್ಕೆ ತಗೋಬೇಡಿ.

ಪೆಂಗ್ವಿನ್‌ಮಿತ್ರ:

ನಡುವೆ ಬಾಯಿಹಾಕುತ್ತಿದ್ದೇನೆ. ನನ್ನದೂ 13.3 ಇಂಚಿನ 1920×1080, ಆದರೆ ಲಿನಕ್ಸ್, ಅದರಲ್ಲಿ ಗ್ನೋಮ್ ಡೆಸ್ಕ್‌ಟಾಪ್. 100% ಚಿಕ್ಕದು, 200% ಭಾರೀ ದೊಡ್ಡದು. 125% ಇಟ್ಟರೆ ಕೆಲವು ಹಳೇ ಅಪ್ಲಿಕೇಶನ್ ಮಸುಕು. ಏನು ಮಾಡಲಿ?

ಚುಕ್ಕಿಲೆಕ್ಕ:

ಸ್ಕೇಲ್ 100%ರಲ್ಲೇ ಬಿಟ್ಟು, ಆಕ್ಸೆಸಿಬಿಲಿಟಿಯಲ್ಲಿ ದೊಡ್ಡ ಅಕ್ಷರದ ಆಯ್ಕೆ ಒತ್ತಿ. ಅದು ಅಕ್ಷರವನ್ನು ಮಾತ್ರ 1.25 ಪಟ್ಟು ಮಾಡುತ್ತದೆ. ಚಿತ್ರ ಹಿಗ್ಗಿಸುವ ಕೆಲಸವೇ ಇಲ್ಲದ್ದರಿಂದ ಮಸುಕಾಗುವುದಿಲ್ಲ. ಐಕಾನ್‌ಗಳು ಚಿಕ್ಕವಾಗೇ ಉಳಿಯುತ್ತವೆ, ಅದಕ್ಕೆ ಹೊಂದಿಕೊಳ್ಳಬೇಕು.

ಕರಡುಪ್ರತಿ:

ಪರಿಚಯದವರ ಹತ್ತಿರ 13.5 ಇಂಚಿನ 2256×1504 ಲ್ಯಾಪ್‌ಟಾಪ್ ಇತ್ತು, ಒಂದು ಗಂಟೆ ಕೇಳಿ ಪಡೆದೆ. 150% ಇಟ್ಟು ನನ್ನದೇ ಕರಡೊಂದನ್ನು ತೆರೆದು, ಅಳತೆಪಟ್ಟಿ ಹಿಡಿದು ನೋಡಿದೆ. ಅಕ್ಷರದ ಗಾತ್ರ ನನ್ನದರಷ್ಟೇ. ಆದರೆ 'ರಾಷ್ಟ್ರ'ದಲ್ಲಿ ಟ-ಒತ್ತಿನ ಕೆಳಗಿನ ರ-ಒತ್ತು ಬೇರೆಯಾಗಿಯೇ ಕಾಣುತ್ತಿತ್ತು, ಮತ್ತೆ ನನ್ನದರಲ್ಲಿ ಸ್ಕ್ರೋಲ್ ಮಾಡಿದರೆ ಮಾತ್ರ ಸಿಗುತ್ತಿದ್ದ ಕೊನೆಯ ನಾಲ್ಕು ಸಾಲು ಅದರಲ್ಲಿ ಪುಟದ ಜೊತೆಗೇ ಇದ್ದವು. ನನ್ನದು ಕೈಕೊಟ್ಟ ದಿನ ಅದೇ ಅಳತೆಯದ್ದನ್ನು ತರುತ್ತೇನೆ. ಅಲ್ಲಿಯವರೆಗೆ 125%, ಕೇಬಲ್ ಕಿತ್ತಾಗ ತಂತ್ರಾಂಶ ಮುಚ್ಚಿ ತೆರೆಯುವುದು.