ಅರ್ಜೆಂಟಾಗಿ ಪದ ಬೇಕು: ‘ಕೌಂಟಿ ಮಿಲಿಷಿಯಾ ರೆಜಿಮೆಂಟ್’

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಬಗ್ಗೆ ಮಕ್ಕಳ ಪುಸ್ತಕವೊಂದನ್ನು ಅನುವಾದ ಮಾಡುತ್ತಿದ್ದೇನೆ, ನಾಳೆ ಸಂಜೆ ಕೊಡಬೇಕು. ‘ಟ್ರಯಾನ್ ಕೌಂಟಿ ಮಿಲಿಷಿಯಾ’ ಹತ್ತಿರ ಗಾಡಿ ನಿಂತಿದೆ. ನ್ಯೂಯಾರ್ಕಿನ ಮೊಹಾಕ್ ಕಣಿವೆಯ ರೈತರು, ಜಾಸ್ತಿ ಜನ ಜರ್ಮನ್ ಮೂಲದವರು. ನಾಲ್ಕು ರೆಜಿಮೆಂಟು, ಒಂದೊಂದು ಸೀಮೆಗೆ ಒಂದೊಂದು. ಸುಮಾರು 800 ಮಂದಿ ಸ್ಟಾನ್‌ವಿಕ್ಸ್ ಕೋಟೆಗೆ ಬ್ರಿಟಿಷರು ಹಾಕಿದ್ದ ಮುತ್ತಿಗೆ ಬಿಡಿಸಲು ಹೊರಟು, 1777ರ ಆಗಸ್ಟ್ 6ರಂದು ಒರಿಸ್ಕನಿ ಹತ್ತಿರ ಹೊಂಚುದಾಳಿಗೆ ಸಿಕ್ಕರು. ಇವರ ನಾಯಕ ಹರ್ಕಿಮರ್ ಕಾಲಿಗೆ ಗುಂಡು ಬಿದ್ದ ಮೇಲೂ ಮರಕ್ಕೆ ಒರಗಿ ಕೂತು, ಪೈಪ್ ಸೇದುತ್ತಾ ಕಾದಾಟ ನಡೆಸಿದನಂತೆ. ಹತ್ತು ದಿನಕ್ಕೆ ತೀರಿಕೊಂಡ. ಇವರು ಸಂಬಳದ ಸಿಪಾಯಿಗಳಲ್ಲ. ‘ನಾಗರಿಕ ಸೇನೆ’ ಅಂದರೆ ಪೇಪರ್ ಸುದ್ದಿ ಓದಿದ ಹಾಗಿರುತ್ತೆ. ಏನನ್ನಲಿ?

> ಏನನ್ನಲಿ?

ಕಂದಾಚಾರ. ಹಳೇ ಮೈಸೂರಿನಲ್ಲಿ ಊರಲ್ಲೇ ಇದ್ದು, ಹೊಲ ಗೇಯುತ್ತಾ, ಕರೆ ಬಂದಾಗ ಆಯುಧ ಹಿಡಿಯುತ್ತಿದ್ದವರು ಕಂದಾಚಾರದವರು. ದಿವಾನ್ ಪೂರ್ಣಯ್ಯನ ಕಾಲದಲ್ಲೂ ಇದ್ದರು. ಮನೆಯಲ್ಲೇ ಪದ ಇರುವಾಗ ಹುಡುಕಾಟ ಯಾಕೆ?

> ಕಂದಾಚಾರ

ಸರ್, ‘ಟ್ರಯಾನ್ ಕಂದಾಚಾರ’ ಅಂತ ಓದಿದ ಮಗು ಅಲ್ಲೇನೋ ಮೂಢನಂಬಿಕೆ ಇತ್ತು ಅಂದುಕೊಳ್ಳುತ್ತೆ. ‘ನಾಡಪಡೆ’ ಸಾಕು. ಸೇನೆ, ದಂಡು ಎರಡೂ ಸಂಸ್ಕೃತದ ಸಾಲ. ಕೌಂಟಿಗೆ ‘ಜಿಲ್ಲೆ’ಯೂ ಬೇಡ, ಅದು ಅರಬ್ಬಿ.

> ನಾಡಪಡೆ

ನಾಡಗೀತೆ, ನಾಡಹಬ್ಬದ ಹಾಗೆ ಇಡೀ ರಾಜ್ಯದ ಸೈನ್ಯ ಅನ್ನಿಸುತ್ತೆ. ಇವರದು ಒಂದು ಕಣಿವೆ, ಅಷ್ಟೇ. ಮತ್ತೆ ಜಿಲ್ಲೆ ಬೇಡ ಅಂದರೆ ಅರ್ಜಿ, ಕಾಗದ, ತಾಲ್ಲೂಕು ಎಲ್ಲ ಬಿಡ್ತೀರಾ?

> ಇಡೀ ರಾಜ್ಯದ

ನಾಡಕಚೇರಿ ಇರುವುದು ಹೋಬಳಿಗೆ, ರಾಜ್ಯಕ್ಕಲ್ಲ. ಗೊತ್ತಿಲ್ಲದಿದ್ದರೆ ಸುಮ್ನಿರಿ.

> ನಾಡಕಚೇರಿ

ಅದರಲ್ಲಿ ‘ಕಚೇರಿ’ ಎಲ್ಲಿಂದ ಬಂತು ಮೇಡಂ?

ಇಬ್ಬರೂ ಸ್ವಲ್ಪ ನಿಲ್ಲಿಸಿ. ಟ್ರಯಾನ್ ಅನ್ನುವುದು ಬ್ರಿಟಿಷ್ ಗವರ್ನರನ ಹೆಸರು. ಯುದ್ಧ ಗೆದ್ದ ಮೇಲೆ, 1784ರಲ್ಲಿ, ಅದನ್ನು ಕಿತ್ತುಹಾಕಿ ಮಾಂಟ್‌ಗೊಮರಿ ಅಂತ ಇಟ್ಟರು.

ನೋಡಿ! ಅವರಿಗೂ ಹೊರಗಿನದು ಬೇಡವಾಯಿತು, ಅಲ್ವಾ?

ಹೆಸರು ಬೇಡವಾಯಿತು. ಫ್ರೆಂಚಿನಿಂದ ಬಂದ ‘ಕೌಂಟಿ’ ಹಾಗೇ ಉಳಿಯಿತು.

ಎಲ್ಲರಿಗೂ ಥ್ಯಾಂಕ್ಸ್. ಮೊದಲ ಸಲ ‘ಮಿಲಿಷಿಯಾ ಎಂಬ ಊರಪಡೆ’, ಆಮೇಲೆ ಬರೀ ‘ಊರಪಡೆ’ ಅಂತ ಹಾಕಿದ್ದೇನೆ. ಕೌಂಟಿ, ರೆಜಿಮೆಂಟು ಮುಟ್ಟಿಲ್ಲ. ಕಂದಾಚಾರದ ಸರ್ ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪದ ದೊಡ್ಡವರ ಪುಸ್ತಕಕ್ಕೆ ಇಟ್ಟುಕೊಂಡಿದ್ದೇನೆ.